ಏಳು ಚಿಲಕದ ಬಾಗಿಲು

“ಇದೆಂತ ಬರ್ದಿದೀಯೆ, ಸಣ್ಣಿ?” ನಾಗಪತಿ ಮಾಸ್ತರರು ನೋಟ್‌ಬುಕ್ಕನ್ನು ಎತ್ತಿ ಹಿಡಿದರು. “ಒಂದು ಸಾಲು ಕತೆ, ಒಂದು ಹೂಂ. ಮತ್ತೊಂದು ಸಾಲು, ಮತ್ತೊಂದು ಹೂಂ.”

ನಾಲ್ಕನೇ ಕ್ಲಾಸಿನ ಮಕ್ಕಳೆಲ್ಲ ನಕ್ಕರು. ಇದರಲ್ಲಿ ನಗುವಂಥದ್ದು ಏನಿದೆಯೆಂದು ಸಣ್ಣಿಗೆ ತಿಳಿಯಲಿಲ್ಲ.

“ಹೂಂ ಅನ್ನದಿದ್ರೆ ಕತೆ ಮುಂದೆ ಹೋಗೂದಿಲ್ಲ, ಮಾಸ್ತರ್ರೆ,” ಎಂದಳು.

ಮುಟ್ಟಳ್ಳಿಯ ಅವಳ ಮನೆಯಲ್ಲಿ ಅದೇ ಪದ್ಧತಿ. ಸಂಜೆ ಕಂದೀಲು ಹಚ್ಚಿದ ಮೇಲೆ ಅಜ್ಜಿ ಕತೆ ಶುರುಮಾಡುತ್ತಿದ್ದಳು. ಮಾತು ಮಾತಿಗೂ ಸಣ್ಣಿ ಹೂಂ ಅನ್ನಬೇಕು. ಅನ್ನದಿದ್ದರೆ ಅಜ್ಜಿ ಅಲ್ಲಿಗೇ ನಿಲ್ಲಿಸಿ, ಎಲೆಯಡಿಕೆ ಸಂಚಿ ಕಟ್ಟಿಕೊಂಡು ಎದ್ದುಬಿಡುವಳು. ಕೇಳುವವರಿಲ್ಲದೆ ಕತೆ ಹೇಳಬಾರದು ಎಂಬುದು ಅವಳ ಹಟ.

ಕಳೆದ ಮಳೆಗಾಲ ಮುಗಿಯುವಾಗ ಅಜ್ಜಿ ಅದುವರೆಗೆ ಸಣ್ಣಿಗೆ ಹೇಳದ ಒಂದು ಕತೆ ತೆಗೆದಳು. ಒಬ್ಬ ಹುಡುಗಿ ಕಳೆದುಹೋದ ಅಣ್ಣನನ್ನು ಹುಡುಕುತ್ತ, ದೊಡ್ಡ ಏಡಿಯ ಬೆನ್ನೇರಿ ಸಮುದ್ರದ ತಳಕ್ಕೆ ಹೋಗುತ್ತಾಳೆ. ಅಲ್ಲಿ ಏಳು ಚಿಲಕದ ಬಾಗಿಲು. ಹುಡುಗಿ ಬಾಗಿಲು ಬಡಿದಳು.

ಆ ದಿನ ಗದ್ದೆಯಲ್ಲಿ ಓಡಾಡಿ ಸಣ್ಣಿ ದಣಿದಿದ್ದಳು. ಅಷ್ಟರಲ್ಲಿ ಕಣ್ಣು ಮುಚ್ಚಿಹೋಯಿತು, ಹೂಂ ಬರಲಿಲ್ಲ. ಅಜ್ಜಿ ನಿಲ್ಲಿಸಿದಳು. ಮರುದಿನ ಅವಳಿಗೆ ಜ್ವರ ಬಂತು. ವಾರದೊಳಗೆ ತೀರಿಕೊಂಡಳು.

ಮುಂದೇನಾಯಿತೆಂದು ಸಣ್ಣಿ ಅವ್ವನನ್ನು ಕೇಳಿದ್ದಳು.

“ನಂಗೂ ಗೊತ್ತಿಲ್ಲ ಮಗಾ. ಸಣ್ಣವಳಿದ್ದಾಗ ಆ ಬಾಗಿಲ ಹತ್ರ ಬಂದ್ರೆ ನಂಗೂ ನಿದ್ದೆ ಬಂದುಬಿಡ್ತಿತ್ತು,” ಎಂದು ಅವ್ವ ಸೌತೆ ಬಳ್ಳಿಗೆ ನೀರು ಹೊಯ್ಯಲು ಹೋದಳು.

ಅಲ್ಲಿಗೆ ಆ ಹುಡುಗಿ ಬಾಗಿಲ ಹೊರಗೇ ಉಳಿದಳು. ತಾನು ನಿದ್ದೆ ಮಾಡಿದ್ದರಿಂದಲೇ ಹೀಗಾಯಿತೆಂದು ಸಣ್ಣಿಗೆ ಒಬ್ಬಳೇ ಇದ್ದಾಗಲೆಲ್ಲ ಅಳು ಬರುತ್ತಿತ್ತು. ಮಾಸ್ತರರು ಕತೆ ಬರೆದು ತನ್ನಿ ಎಂದಾಗ ಅಜ್ಜಿಯ ಮಾತನ್ನೂ ತನ್ನ ಹೂಂಗಳನ್ನೂ ಒಂದೂ ಬಿಡದೆ ಬರೆದಿದ್ದಳು.

ಶಾಲೆ ಬಿಟ್ಟ ಮೇಲೆ ಮಾಸ್ತರರು ಅವಳನ್ನು ನಿಲ್ಲಿಸಿಕೊಂಡು ಇದನ್ನೆಲ್ಲ ಕೇಳಿ ತಿಳಿದರು. ಅವರು ನಗಲಿಲ್ಲ.

“ಮುಂದಿಂದು ನೀನೇ ಬರೆ.”

“ಅದು ಸುಳ್ಳಾಗ್ತದಲ್ರಾ? ಅಜ್ಜಿ ಹೇಳಿದ್ದು ಅಷ್ಟೇಯ.”

“ಅಜ್ಜಿಗೆ ಯಾರು ಹೇಳಿದ್ದು?”

“ಅವಳ ಅಜ್ಜಿ.”

“ಅವರಿಗೆ?”

“ಅವರ ಅಜ್ಜಿ ಇರ್ಬೇಕು.”

“ಯಾರೋ ಒಬ್ರು ಮೊದಲು ಕಟ್ಟಿರ್ಬೇಕಲ್ಲ. ಏಡಿ ಮೇಲೆ ಕೂತು ಯಾರೂ ಹೋಗಿ ನೋಡಿ ಬಂದದ್ದಲ್ಲ,” ಎಂದ ಮಾಸ್ತರರು ಕಪಾಟಿನ ಬೀಗ ತೆಗೆದರು. ಊರು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾದರೂ ಆ ಕಪಾಟಿನ ಮೇಲೆ ಮುಂಬಯಿ ರಾಜ್ಯದ ಹೆಸರೇ ಇತ್ತು. ಹುಡುಕಿ ಹುಡುಕಿ, ರಟ್ಟು ಕಿತ್ತುಹೋದ ಒಂದು ಪುಸ್ತಕವನ್ನು ಅವಳ ಕೈಗಿಟ್ಟರು.

ಮನೆಯಲ್ಲಿ ಯಾರೂ ಇರಲಿಲ್ಲ. ಸಣ್ಣಿ ಗದ್ದೆಯ ಅಂಚಿನಲ್ಲಿ ತೆಂಗಿನ ಮರಕ್ಕೆ ಒರಗಿ ಕುಳಿತು ಓದತೊಡಗಿದಳು. ಮೋಡದ ಮೇಲೊಂದು ಊರು, ಅಲ್ಲೊಂದು ಮಾತಾಡುವ ಕುದುರೆ. ಕುದುರೆ ತನ್ನ ಹೆಸರು ಹೇಳುವಾಗ ಸಣ್ಣಿಯ ಬಾಯಿಂದ ತಾನಾಗಿ ಹೂಂ ಬಂತು.

ಅವಳು ಬೆಚ್ಚಿ ಸುತ್ತ ನೋಡಿದಳು. ದೂರದಲ್ಲಿ ಒಂದು ಎಮ್ಮೆ ಮೇಯುತ್ತಿತ್ತು, ಅಷ್ಟೇ.

ಮುಂದಿನ ಪುಟದಲ್ಲಿ ಬೇಕೆಂದೇ ಬಾಯಿ ಬಿಗಿಹಿಡಿದಳು. ಕತೆ ನಿಲ್ಲಲಿಲ್ಲ. ಕುದುರೆ ಅದರ ಪಾಡಿಗೆ ಹೋಗುತ್ತಲೇ ಇತ್ತು.

ಸಣ್ಣಿ ಪುಸ್ತಕ ಮುಚ್ಚಿದಳು. ಇದನ್ನು ಬರೆದವರೂ ಎಲ್ಲೋ ಹೀಗೆಯೇ ಒಬ್ಬರೇ ಕುಳಿತಿದ್ದರೇನೋ. ಈಗಷ್ಟೇ ತಾನು ಅಂದ ಹೂಂ ಅವರಿಗೆ ಕೇಳುವುದೇ ಇಲ್ಲ. ಪಾಪ, ಆದರೂ ನಿಲ್ಲಿಸದೆ ಬರೆದಿದ್ದಾರೆ.

ಅವಳು ನೋಟ್‌ಬುಕ್ ತೆರೆದು, ಬಾಗಿಲು ಬಡಿದ ಸಾಲಿನ ಕೆಳಗೆ ಪೆನ್ಸಿಲ್ ಇಟ್ಟಳು.

“ಒಳಗಿನಿಂದ ಒಂದು ಚಿಲಕ ಸರಿದ ಸದ್ದಾಯಿತು,” ಎಂದು ಬರೆದಳು.

ರೂಢಿಯಂತೆ ತುಸು ಹೊತ್ತು ಕಾದಳು. ಯಾರೂ ಹೂಂ ಅನ್ನಲಿಲ್ಲ.

ಸಣ್ಣಿ ಎರಡನೆಯ ಚಿಲಕದ ಸಾಲು ಬರೆದಳು.