ಲೇಬಲ್ ಕೆರೆದ ಸೀಸೆ

"ಆ ಲೇಬಲ್ ಯಾಕೆ ಕೆರೀತಿದೀರಿ?"

ಮೂರ್ತಪ್ಪನ ಕೈಯಲ್ಲಿದ್ದ ಬ್ಲೇಡು ಅಲ್ಲೇ ನಿಂತಿತು. ಹಿರಿಯೂರಿನ ಡಾಕ್ಟರೊಬ್ಬರ ಶಾಪಿನಲ್ಲಿ ಹತ್ತು ವರ್ಷದಿಂದ ಕಾಂಪೌಂಡರ್ ಅವನು. ಔಷಧಿ ಕಿಂಡಿಯ ಆಚೆ ನಿಂತು ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕೇಳಿದವರು ಯಾರೂ ಇರಲಿಲ್ಲ.

"ಏನಿಲ್ರಿ... ಧೂಳು ಕುಂತಿತ್ತು."

ಸುಳ್ಳು! ಧೂಳು ಒರೆಸೋಕೆ ಯಾರಾದರೂ ಬ್ಲೇಡು ಹಿಡಿಯುತ್ತಾರೆಯೇ? ಪ್ರಶ್ನೆ ಕೇಳಿದ ಹುಲಿಗೆಮ್ಮ ಅವನ ಕೈಯ ಸೀಸೆಯಿಂದ ಕಣ್ಣು ತೆಗೆಯಲಿಲ್ಲ.

"ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು. ಒಂದಿನಾನೂ ತಪ್ಪಿಸ್ಬ್ಯಾಡ್ರಿ," ಎಂದು ಅವನು ಸೀಸೆಯನ್ನು ಮುಂದೆ ತಳ್ಳಿದ.

ಹುಲಿಗೆಮ್ಮ ಧರ್ಮಪುರದವಳು. ಕಂಬಳಿ ನೇಯುವ ಕೈ. ವಯಸ್ಸು ಮೂವತ್ತೈದು. ಗಂಡ ತೀರಿಹೋದ ಮೇಲೆ ಅಣ್ಣ ಈರಬಸಪ್ಪನ ಮನೆಯಲ್ಲೇ ಇದ್ದಳು. ಹೋದ ವರ್ಷ, ಎಪ್ಪತ್ತೆಂಟರಲ್ಲಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ಎಡ ಎದೆಯನ್ನೇ ತೆಗೆದಿದ್ದರು. "ಬರೀ ಗಡ್ಡೆ, ಹೋಯ್ತು ಬಿಡು," ಎಂದಿದ್ದ ಅಣ್ಣ. ಈಗ ಕೊರಳ ಬುಡದಲ್ಲಿ ಹುಣಸೆಬೀಜದಷ್ಟು ಇನ್ನೊಂದು ಗಂಟು. ಅಣ್ಣ ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದ.

ಎಲ್ಲರೂ ಏನೋ ಮುಚ್ಚಿಡ್ತಾವ್ರೆ... ಈ ಕಾಂಪೌಂಡರೂ ಸೇರಿ!

ಆದರೂ ತಿಂಗಳಿಗೊಮ್ಮೆ ಹಿರಿಯೂರಿಗೆ ಹೋಗಲೇಬೇಕಿತ್ತು. ಹೋದಾಗಲೆಲ್ಲ ಮೂರ್ತಪ್ಪ ಬೆಂಚು ಒರೆಸಿ, ನಗುತ್ತಾ "ಕುಂತ್ಕಳ್ರಿ" ಎನ್ನುತ್ತಿದ್ದ. ಬಸ್ಸಿನವರೆಗೂ ಜೊತೆಗೆ ಬರುತ್ತಿದ್ದ. ಹೆಂಡತಿ ಸತ್ತು ಐದು ವರ್ಷವಾದ ಒಂಟಿ ಮನುಷ್ಯ. ಮೂರನೇ ಸಲ ಹೊರಡುವಾಗ ತಾನು ಒಳ್ಳೆ ಸೀರೆ ಉಟ್ಟಿರುವುದು ಅವಳಿಗೇ ತಿಳಿಯಿತು. ಛೀ, ನನಗೇನಾಗೈತೆ!

ಆ ತಿಂಗಳೇ ಅವಳ ಮುಟ್ಟು ನಿಂತಿತು. ಕೂತಲ್ಲೇ ಮೈಯೆಲ್ಲ ಬೆಂಕಿ ಹತ್ತಿದಂತೆ ಕಾದು, ಕುಪ್ಪಸ ಬೆವರಿನಲ್ಲಿ ತೊಯ್ದು ಹೋಗುತ್ತಿತ್ತು.

ಪಕ್ಕದ ಮನೆಯ ಬೋರಕ್ಕ ಮಾತ್ರೆಯನ್ನು ಮೂಸಿ ನೋಡಿ ಪಿಸುಗುಟ್ಟಿದಳು.

"ಲೇ ಹುಲಿಗಿ, ಇವು ಮಕ್ಕಳಾಗದ ಮಾತ್ರೆ ಕಣೇ! ಎಮರ್ಜೆನ್ಸೀಲಿ ಗಂಡಸರನ್ನ ಜೀಪಿಗೆ ತುಂಬ್ಕಂಡು ಆಪರೇಷನ್ ಮಾಡಿಸಿದ್ರಲ್ಲ... ಈಗ ಹೆಂಗಸರಿಗೆ ಹಿಂಗೆ ಮಾಡ್ತಾವ್ರೆ. ಗಂಡ ಇಲ್ಲದೋಳಿಗೆ ಆ ಗಂಡಸು ಇದನ್ಯಾಕೆ ಕೊಡ್ತಾನೆ, ನೀನೇ ಯೋಚ್ನೆ ಮಾಡು!"

ಹುಲಿಗೆಮ್ಮ ಮಾತ್ರೆ ಕಿತ್ತುಕೊಂಡು ಸೀಸೆಗೆ ಹಾಕಿ ಮುಚ್ಚಳ ಬಿಗಿದಳು. ಆ ಬೆಂಚು, ಆ ನಗು, ಬಸ್ಸಿನವರೆಗಿನ ಆ ನಡಿಗೆ... ಎಲ್ಲ ಇದಕ್ಕೇನಾ?

ಹತ್ತು ದಿನ ಅವಳು ಮಾತ್ರೆ ಮುಟ್ಟಲಿಲ್ಲ. ಹನ್ನೊಂದನೇ ದಿನ ಬೆಳಗಿನ ಬಸ್ಸು ಹತ್ತಿದಳು. ಶಾಪಿಗೆ ಕಾಲಿಟ್ಟವಳೇ ಸೀಸೆಯನ್ನು ಅವನ ಮುಂದೆ ಕುಕ್ಕಿದಳು.

"ಇದು ಬಸುರಾಗದ ಮಾತ್ರೆ, ಹೌದೋ ಅಲ್ವೋ?"

ಮೂರ್ತಪ್ಪ ಸೀಸೆ ಎತ್ತಿ, ಉಳಿದಿದ್ದ ಮಾತ್ರೆಗಳನ್ನು ನೋಡಿದ. "ಎಷ್ಟು ದಿನದಿಂದ ಬಿಟ್ಟೀರಿ?"

"ಕೇಳಿದ್ದಕ್ಕೆ ಹೇಳ್ರಿ!"

ಅವನು ಹೊರಗೆ ಬಂದು ಅವಳೆದುರು ನಿಂತ.

"ಈ ಮಾತ್ರೆನ ಮೊದ್ಲು ಅದಕ್ಕೇ ಅಂತ ಕಂಡುಹಿಡಿದ್ರಂತೆ. ಆದ್ರೆ ಅದಕ್ಕೆ ಉಪಯೋಗ ಆಗ್ಲಿಲ್ಲ. ಬೇರೆ ರೋಗಕ್ಕೆ ಆಯ್ತು... ನಿಮಗಿರೋದು ಕ್ಯಾನ್ಸರ್, ಹುಲಿಗೆಮ್ಮ."

ಕೊನೆಗೂ ಆ ಹೆಸರು! ಅವಳು ಬೆಂಚಿನ ಮೇಲೆ ಕೂತಳು.

"ಡಾಕ್ಟ್ರು ಸೀಸೆ ಮೇಲೆ ಅದನ್ನೇ ಬರೆದಿದ್ರು. 'ಓದಿದ್ರೆ ಎದೆ ಒಡ್ಕಂತಾಳೆ' ಅಂತ ನಿಮ್ಮಣ್ಣ ಕೈ ಮುಗಿದ್ರು. ಅದಕ್ಕೆ ಕೆರೆದೆ. ಕೆರೀಬಾರದಿತ್ತು... ತಪ್ಪು ನನ್ನದೇ."

"ಮಾತ್ರೆ... ಏನ್ ಮಾಡ್ತೈತೆ?"

"ಹೆಣ್ಣಿನ ಮೈಯಾಗೆ ಒಂದು ರಸ ಐತೆ. ಕೆಲವ್ರ ರೋಗ ಅದನ್ನೇ ಕುಡಿದು ಬೆಳೀತೈತೆ. ಹಾಲು ಬಿಡಿಸೋವಾಗ ಕರುವಿನ ಬಾಯಿಗೆ ಕುಕ್ಕೆ ಕಟ್ಟಲ್ವ? ಕೆಚ್ಚಲು ಎದುರಿಗೇ ಇದ್ರೂ ಕುಡಿಯಾಕಾಗಲ್ಲ. ಈ ಮಾತ್ರೆ ರೋಗದ ಬಾಯಿಗೆ ಕಟ್ಟೋ ಕುಕ್ಕೆ. ಮೈ ಕಾಯೋದು, ಮುಟ್ಟು ನಿಲ್ಲೋದು ಅದರಿಂದಲೇ."

"ವಾಸಿ ಆಗ್ತೈತಾ?"

"ಎಲ್ರಿಗೂ ಹತ್ತಲ್ಲ. ನಿಮಗೆ ಹತ್ತುತ್ತಾ, ಎಷ್ಟು ವರ್ಷ ತಡೀತೈತೆ... ಡಾಕ್ಟ್ರಿಗೂ ಗೊತ್ತಿಲ್ಲ. ಹೊಸ ಮದ್ದು, ಇಂಗ್ಲೆಂಡಿಂದ ತರಿಸಿದ್ದು."

ವರ್ಷದಿಂದ ಸಿಹಿಸಿಹಿ ಸುಳ್ಳು ಕೇಳಿದ್ದ ಹುಲಿಗೆಮ್ಮನಿಗೆ ಈ ಕಹಿ ಮಾತೇ ಹಿಡಿಸಿತು. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ನೀರು ಕೇಳಿ, ಅಲ್ಲೇ ಒಂದು ಮಾತ್ರೆ ನುಂಗಿದಳು.

ದಸರಾ ಕಳೆಯುವಷ್ಟರಲ್ಲಿ ಕೊರಳಿನ ಗಂಟು ಕರಗುತ್ತಾ ಬಂತು. ದೀಪಾವಳಿಯ ಹೊತ್ತಿಗೆ ಎಷ್ಟು ಒತ್ತಿದರೂ ಡಾಕ್ಟರ ಬೆರಳಿಗೆ ಸಿಗಲಿಲ್ಲ!

ಅದರ ಮುಂದಿನ ವಾರ ಮೂರ್ತಪ್ಪ ಧರ್ಮಪುರಕ್ಕೇ ಬಂದ. ಈರಬಸಪ್ಪನ ಮುಂದೆ ಕೂತು, ಹುಲಿಗೆಮ್ಮನನ್ನು ಉಡಿಕೆ ಮದುವೆ ಮಾಡಿಕೊಳ್ಳುತ್ತೇನೆ, ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುತ್ತೇನೆ ಎಂದ.

ಮಗ್ಗದ ಹಿಂದಿನಿಂದ ಹುಲಿಗೆಮ್ಮ ಎದ್ದು ಬಂದಳು. ಅನುಮಾನ ಇನ್ನೂ ಸತ್ತಿರಲಿಲ್ಲ.

"ಕನಿಕರ ಏನ್ರಿ?"

"ಕನಿಕರ ಇದ್ದಿದ್ರೆ ಮಾತ್ರೆ ಕೊಟ್ಟು ಸುಮ್ನಿರ್ತಿದ್ದೆ. ನೀವು ಬರೋ ತಾರೀಖಿಗೆ ತಿಂಗಳೆಲ್ಲ ದಿನ ಎಣಿಸ್ತಿರಲಿಲ್ಲ."

ಅವಳ ಕೆನ್ನೆ ಕಾದಿತು. ಈ ಸಲ ಅದು ಮಾತ್ರೆಯಿಂದಲ್ಲ.

"ಒಂದು ಎದೆ ಇಲ್ಲದೋಳು ನಾನು. ಆ ರೋಗ ಮತ್ತೆ ಬರಬೌದು."

"ಗೊತ್ತು."

"ನಿಜ ಹೇಳ್ರಿ. ಹೆದರಿಕೆ ಇಲ್ವಾ?"

ಮೂರ್ತಪ್ಪ ತಲೆ ತಗ್ಗಿಸಿದ. "ಐತೆ... ಭಾಳ ಐತೆ."

ಏನೂ ಆಗಲ್ಲ, ಏನೂ ಆಗಲ್ಲ ಎಂದೇ ಎಲ್ಲರೂ ಅವಳಿಗೆ ಹೇಳಿದ್ದರು. ಹೆದರಿಕೆ ಐತೆ ಎಂದವನು ಇವನೊಬ್ಬನೇ. ಅವಳ ಕಣ್ಣು ತುಂಬಿ ಬಂತು.

"ನನಗೂ ಐತೆ," ಎಂದಳು ಮೆಲ್ಲಗೆ. "ನಡೀರಿ... ಇಬ್ರೂ ಕೂಡೇ ಹೆದರಾಣ."