ಮೀನಿನ ಇನ್ನೊಂದು ಮಗ್ಗುಲು

ಸಮುದ್ರದಲ್ಲಿ ಯಾರೂ ಕಾಣದ ದ್ವೀಪಗಳು ಇನ್ನೂ ಉಳಿದಿದ್ದ ಕಾಲ. ಮಿಂಚುಳ್ಳಿಪುರವೆಂಬ ರಾಜ್ಯದ ಅರಸನಿಗೆ ಲೋಕದ ಮೀನನ್ನೆಲ್ಲ ನೋಡುವ ಆಸೆ. ಹಡಗು ಹತ್ತಿದರೆ ವಾಂತಿ. ಅದಕ್ಕೇ ಮೀನುಗಳ ಚಿತ್ರ ಬರೆದು ತರಲು ಚಂಪಕ್ಕನೆಂಬ ಚಿತ್ರಗಾತಿಯನ್ನು ಹಡಗಿನಲ್ಲಿ ಕಳಿಸಿದ. ಅವಳ ಗಂಡ ಸಂಕಪ್ಪ ಆ ಹಡಗಿನ ಅಡುಗೆಯವನು.

ಮೀನು ಸತ್ತ ಕೂಡಲೇ ಬಣ್ಣ ಕಳೆದುಕೊಳ್ಳುತ್ತದೆ. ಚಂಪಕ್ಕನಿಗೆ ಆ ಅವಸರ, ಸಂಕಪ್ಪನಿಗೆ ಒಲೆಯ ಅವಸರ.

“ಬೇಗ ಬರಿಯೇ, ಮಸಾಲೆ ಅರೆದಾಯ್ತು!”

“ಬಾಲ ಬಾಕಿ ಇದೆ ರೀ. ತಲೆ ಬೇಕಾದರೆ ಒಯ್ಯಿರಿ.”

ಹೀಗಾಗಿ ಅವಳು ಮೀನಿನ ಒಂದೇ ಮಗ್ಗುಲು ಬರೆಯುವುದನ್ನು ರೂಢಿಸಿಕೊಂಡಳು. ತಿರುಗಿಸಿ ನೋಡುವಷ್ಟರಲ್ಲಿ ಅದು ಸಾರಿನಲ್ಲಿರುತ್ತಿತ್ತು.

ಒಂದು ದ್ವೀಪದಲ್ಲಿ ಸಂಕಪ್ಪ ಕೊಳಕ್ಕೆ ಗಾಳ ಹಾಕಿದ. ಕೊಳ ಘರ್ಘರನೆಂಬ ಮಂತ್ರವಾದಿಯದು. “ಮೀನಾಗು!” ಎಂದ ಘರ್ಘರ. ಸಂಕಪ್ಪ ಮೀನಾದ, ಮೀಸೆ ಸಮೇತ. ಮಂತ್ರವಾದಿ ಅವನನ್ನೆತ್ತಿ ಕೊಪ್ಪರಿಗೆಯ ನೀರಿಗೆ ಹಾಕಿದ.

ಚಂಪಕ್ಕ ಓಡಿಬಂದು ಮಂತ್ರವಾದಿಯ ಕಾಲಿಗೆ ಬಿದ್ದಳು.

“ಇದು ಮಾಯೆಯ ತೊಗಲು. ಇದರ ಮೇಲೆ ಬರೆದದ್ದು ಜೀವ ತಳೆದು ಎದ್ದು ಬರುತ್ತದೆ,” ಎಂದು ಘರ್ಘರ ಒಂದು ತೊಗಲನ್ನು ಅವಳ ಮುಂದೆ ಹಾಸಿದ. “ಮೂರು ಚಿತ್ರ ಬರೆ. ಮೆಚ್ಚಿದರೆ ಗಂಡನನ್ನು ಕೊಡುತ್ತೇನೆ. ಮೊದಲು, ಆನೆ ಗಾತ್ರದ ಮೀನು!”

ಬರೆದಳು. ಮೀನು ಕೊಳಕ್ಕೆ ಧುಮುಕಿತು. ಒಂದೇ ಮಗ್ಗುಲು, ಒಂದೇ ರೆಕ್ಕೆ, ಗಿರಗಿರ ಸುತ್ತತೊಡಗಿತು.

“ಇದೇಕೆ ಗಾಣದ ಎತ್ತಿನ ಹಾಗೆ ಸುತ್ತುತ್ತಿದೆ?”

“ನಿಮಗೆ ಪ್ರದಕ್ಷಿಣೆ, ಸ್ವಾಮಿ.”

ಘರ್ಘರ ಹಿಗ್ಗಿದ. “ಎರಡನೆಯದು, ಚಿನ್ನದ ಹುರುಪೆಯ ಮೀನು!”

ಅದೂ ಎದ್ದು ಬಂದಿತು; ನೀರಿನ ಮೇಲೆ ಚಪ್ಪಟೆ ಮಲಗಿಬಿಟ್ಟಿತು.

“ಇದಕ್ಕೇನಾಯಿತು?”

“ಸಾಷ್ಟಾಂಗ ನಮಸ್ಕಾರ, ಸ್ವಾಮಿ.”

ಘರ್ಘರ ಇನ್ನೂ ಹಿಗ್ಗಿದ. “ಮೂರನೆಯದು, ನಾನೇ! ಇಪ್ಪತ್ತರ ಹರೆಯದವನ ಹಾಗೆ ಬರೆ. ಈ ಮುದಿ ದೇಹ ಬಿಟ್ಟು ಅದರೊಳಗೆ ಹೋಗುತ್ತೇನೆ. ಹರೆಯ ಬಂದರೆ ಹಸಿವೂ ಬರುತ್ತದೆ, ನಿನ್ನ ಗಂಡ ಹೇಗೂ ಇದ್ದಾನೆ.”

“ಕೊಡುತ್ತೇನೆ ಅಂದಿರಲ್ಲ!”

“ಕೊಡುತ್ತೇನಮ್ಮಾ, ಮುಳ್ಳು ಪೂರ್ತಿ ನಿನಗೇ.”

ಕೊಪ್ಪರಿಗೆಯಲ್ಲಿ ಮೀಸೆ ನಡುಗಿತು. ಚಂಪಕ್ಕ ಕಣ್ಣೊರೆಸಿಕೊಂಡು ಕುಂಚ ಎತ್ತಿದಳು. “ಸ್ವಾಮಿ, ಎದುರಿನಿಂದ ಎಲ್ಲರೂ ಒಂದೇ. ನಿಮ್ಮ ಈ ಮೂಗಿನ ಗಾಂಭೀರ್ಯ ಪಕ್ಕದಿಂದಲೇ ಕಾಣುವುದು.”

“ಹೌದೇ? ಯಾರೂ ಹೇಳಿರಲಿಲ್ಲ!” ಎಂದು ಘರ್ಘರ ಮುಖ ತಿರುಗಿಸಿ ನಿಂತ.

ಚಿತ್ರ ಮುಗಿಯಿತು. ಮಂತ್ರವಾದಿ ಅದರೊಳಕ್ಕೆ ಹಾರಿದ. ಮುದಿ ದೇಹ ಖಾಲಿ ಚೀಲದಂತೆ ಕುಸಿಯಿತು. ತೊಗಲಿನಿಂದ ಸುಂದರ ತರುಣನೊಬ್ಬ ಎದ್ದು ಬಂದ. ಒಂದು ಕಣ್ಣು, ಒಂದು ಕೈ, ಒಂದು ಕಾಲು, ಅರ್ಧ ಬಾಯಿ. ಕುಂಟಿ ಕುಂಟಿ ದಬಕ್ಕನೆ ಬಿದ್ದ.

“ಎಲ್ಲಿ ನನ್ನ ಇನ್ನೊಂದು ಮಗ್ಗುಲು?”

“ನಾನು ನೋಡಲೇ ಇಲ್ಲವಲ್ಲ ಸ್ವಾಮಿ.”

ಸಿಟ್ಟಿನಿಂದ ಅವನು ಅವಳನ್ನೂ ಮೀನಾಗಿಸಲು ಮಂತ್ರ ಹಾಕಹೋದ. ಆದರೆ ಅರ್ಧ ತುಟಿ ಮುಚ್ಚದು, “ಮೀ” ಹೊರಡದು. ದ್ವೀಪವೆಲ್ಲ ನಡುಗುವಂತೆ “ನೀನಾಗು!” ಎಂದುಬಿಟ್ಟ. ಕೇಳಿದ್ದೆಲ್ಲ ತನ್ನ ತನ್ನ ಮೂಲರೂಪಕ್ಕೆ ಮರಳಿತು.

ಚಂಪಕ್ಕ ಚಂಪಕ್ಕನೇ ಆಗಿದ್ದಳು, ಅವಳಿಗೇನೂ ಆಗಲಿಲ್ಲ. ಕೊಳದ ಮೀನುಗಳು ಬರೀ ಬಣ್ಣವಾಗಿ ಕರಗಿದವು. ಘರ್ಘರ ಮೂಲದಲ್ಲಿ ಒಂದು ಪುಟ್ಟ ಏಡಿ. ಅಡ್ಡಡ್ಡ ಓಡಿ ಬಿಲ ಸೇರಿಕೊಂಡ. ಕೊಪ್ಪರಿಗೆಯಿಂದ ಸಂಕಪ್ಪ ಸೀನುತ್ತ ಎದ್ದು ನಿಂತ. ಚಂಪಕ್ಕ ಅವನನ್ನು ತಬ್ಬಿಕೊಂಡಳು, ಆಮೇಲೆ ಮೂಗು ಮುಚ್ಚಿಕೊಂಡಳು.

ಅಂದಿನಿಂದ, ಊರಿಗೆ ಮರಳಿದ ಮೇಲೂ, ಸಂಕಪ್ಪ ಯಾವ ಮೀನನ್ನು ಕೊಯ್ಯುವ ಮೊದಲೂ ಅದರ ಕಿವಿರಿಗೆ ಬಾಯಿಟ್ಟು, “ಯಾರಪ್ಪಾ ನೀನು? ಹೆಂಡತಿ ಮಕ್ಕಳು ಇದ್ದಾರೇನು?” ಎಂದು ವಿಚಾರಿಸುತ್ತಿದ್ದ. ಯಾವ ಮೀನೂ ಉತ್ತರ ಕೊಡಲಿಲ್ಲ. ಹಾಗಾಗಿ ಮಿಂಚುಳ್ಳಿಪುರದವರೆಲ್ಲ ಹೊಟ್ಟೆತುಂಬ ಉಂಡು ಸುಖವಾಗಿದ್ದರು.