ಒಂಟಿಯವರ ಸಾಲು

ನನ್ನ ಮೊಮ್ಮಗಳನ್ನೂ ಆ ಉದ್ದಪ್ಪನನ್ನೂ ಜೋಡಿ ಮಾಡಿದ್ದು ನಾನೇ. ನಾನಿಲ್ಲದಿದ್ದರೆ ಅವರಿಬ್ಬರು ಈಗಲೂ ಉತ್ತರ ದಕ್ಷಿಣ ಅಂತ ಮುಖ ತಿರುಗಿಸಿಕೊಂಡೇ ಇರುತ್ತಿದ್ದರು!

ಸರಿ ಸರಿ… ಇದರಲ್ಲಿ ಅರ್ಧ ಸುಳ್ಳು. ನಾನು ಮಾಡಿದ್ದು ಬಾಗಿಲ ಹಿಂದೆ ನಿಂತಿದ್ದು, ಅಷ್ಟೇ. ಆದರೆ ಒಂದು ಮಾತು. ನನ್ನಷ್ಟು ಸದ್ದಿಲ್ಲದೆ ಬಾಗಿಲ ಹಿಂದೆ ನಿಲ್ಲುವ ಹೆಂಗಸು ಮೂರು ಲೋಕದಲ್ಲಿ ಹುಡುಕಿದರೂ ಸಿಗುವುದಿಲ್ಲ.

ಮೊದಲ ದಿನದಿಂದಲೇ ಹೇಳುತ್ತೇನೆ, ಕೇಳಿ.

"ಆ ವಾರ ಬೇಡ," ಎಂದ ಅವನು.

"ಬೇಡ ಅಂದ್ರೆ?" ಎಂದಳು ನನ್ನ ಮೊಮ್ಮಗಳು.

"ರಜೆ ಶುರುವಾಗೋ ವಾರ ಹೋದ್ರೆ ನಿಮಗೆ ಕಾಣೋದು ಮುಂದೆ ನಿಂತವರ ಬೆನ್ನು ಮಾತ್ರ ಮೇಡಂ. ಬೆನ್ನು ನೋಡೋಕೆ ಅಷ್ಟು ದೂರ ಯಾಕೆ? ಇಲ್ಲೇ ಬಸ್ ಸ್ಟಾಪಿನಲ್ಲಿ ಬೇಕಾದಷ್ಟು ಸಿಗುತ್ತೆ."

ಅದು ಪ್ರವಾಸ ಗೊತ್ತುಮಾಡಿಕೊಡುವ ಕಚೇರಿ. ಕಚೇರಿ ಅಂದರೆ ಬೆಂಕಿಪೊಟ್ಟಣ. ಮೂಲೆಯಲ್ಲಿ ನನಗಿಂತ ಜಾಸ್ತಿ ಕೆಮ್ಮುವ ಒಂದು ಹೀಟರ್. ಗೋಡೆ ತುಂಬ ನಾವು ಹೋಗಬೇಕಿದ್ದ ಥೀಮ್ ಪಾರ್ಕಿನ ಚಿತ್ರಗಳು. ಹಿಮ ಹೊದ್ದ ಕೋಟೆ, ಮುಗಿಲಿಗೆ ಏಣಿ ಹಾಕಿದಂಥ ರೈಲು ಹಳಿ, ಸುತ್ತಲೂ ಉಳಿದುಕೊಳ್ಳುವ ಹೋಟೆಲುಗಳು… ಒಂದು ಊರನ್ನೇ ಎತ್ತಿ ಆಟಕ್ಕೆ ಬಿಟ್ಟಹಾಗೆ!

ಮೇಜಿನ ಆಚೆ ಅವನು. ಅವನು ಕೂತರೂ ನಾನು ನಿಂತಷ್ಟು ಎತ್ತರ. ನಾನು ಆಗಲೇ ಹೆಸರಿಟ್ಟುಬಿಟ್ಟೆ, ಉದ್ದಪ್ಪ.

ನನ್ನ ಮೊಮ್ಮಗಳು ಚಿಕ್ಕಿ, ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಾಳೆ. ಅವಳ ಮುಂದೆ ಕೂತವರೆಲ್ಲ ಬಾಯಿ ತೆರೆದೇ ಇರುತ್ತಾರೆ, ಒಬ್ಬರಿಗೂ ಮಾತಾಡಲು ಆಗುವುದಿಲ್ಲ. ಎದುರು ಮಾತು ಕೇಳಿ ಅಭ್ಯಾಸವೇ ಇಲ್ಲ ಅವಳಿಗೆ. ಮೂಗಿನ ತುದಿ ಕೆಂಪಾಯಿತು.

"ಸರಿ, ಮುಂದಿನ ವಾರ. ಐದು ಜನ. ಬೇಗ ಬುಕ್ ಮಾಡಿ."

"ಯಾರು ಯಾರು? ಯಾರಿಗೆ ಬೇಗ ಸುಸ್ತಾಗುತ್ತೆ? ಹಸಿವಾದ್ರೆ ಸಿಟ್ಟು ಮಾಡ್ಕೊಳೋರು ಯಾರು? ಶೂ ಕಚ್ಚುತ್ತೆ ಅಂತ ಅಳೋರು ಯಾರು?"

"ಟಿಕೆಟ್ ಕೇಳಿದ್ರೆ ವಂಶಾವಳಿ ಕೇಳ್ತಿದೀರಲ್ಲ ರೀ!"

"ನಾನು ಕೆಲಸ ಮಾಡೋದೇ ಹೀಗೆ. ಒಂದು ಸಲ ಎಲ್ಲರನ್ನೂ ಕೋಟು ಹಾಕಿಸಿ, ಬ್ಯಾಗು ಹೊರಿಸಿ ನಡೆಸಿ ನೋಡ್ತೀನಿ. ತಾಲೀಮು ಆದ ಮೇಲೇ ಬುಕ್ಕಿಂಗು."

"ನಾವು ಪ್ರವಾಸಕ್ಕೆ ಹೊರಟಿರೋದು, ಯುದ್ಧಕ್ಕಲ್ಲ!"

"ಕುಟುಂಬ ಕಟ್ಕೊಂಡು ಹೋಗೋದು ಯುದ್ಧಕ್ಕಿಂತ ಕಷ್ಟ ಮೇಡಂ," ಎಂದ. ನಗಲೂ ಇಲ್ಲ.

ನಾನು ನಕ್ಕೆ. ನಕ್ಕ ರಭಸಕ್ಕೆ ಹೀಟರೇ ನಿಂತುಹೋಯಿತು. "ಬಾರಪ್ಪ ಉದ್ದಪ್ಪ, ಭಾನುವಾರ ಬಾ. ನಮ್ಮನೆ ಬಾಗಿಲು ಗಿಡ್ಡ, ತಲೆ ಜೋಪಾನ!"

ಚಿಕ್ಕಿ ನನ್ನನ್ನು ಸುಡುವ ಹಾಗೆ ನೋಡಿದಳು. 'ಎಂಥ ಮನುಷ್ಯನಪ್ಪ ಇವನು…' ಎಂದು ಮನಸ್ಸಿನಲ್ಲೇ ಬೈದುಕೊಂಡಳು. ನಿಮಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಅವಳನ್ನು ಎತ್ತಿ ಆಡಿಸಿದ ಕೈ ಇದು. ಅವಳ ಮನಸ್ಸು ಅವಳಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ಭಾನುವಾರ ಬೆಳಿಗ್ಗೆ ಚಳಿ ಹೇಗಿತ್ತು ಅಂದರೆ, ಆಡಿದ ಮಾತು ಬಾಯಿಂದ ಕೆಳಗೆ ಬಿದ್ದು ಚೂರಾಗುತ್ತಿತ್ತು. ಚಿಕ್ಕಿಯ ಅಪ್ಪ ಅಮ್ಮ "ಚಳಿಗೂ ನಮಗೂ ಆಗಲ್ಲ, ಮನೆ ಕಾಯ್ತೀವಿ" ಎಂದು ಕಂಬಳಿಯೊಳಗೇ ಉಳಿದರು. ಹೊರಟಿದ್ದು ನಾನು, ಚಿಕ್ಕಿ, ಅವಳ ಅಕ್ಕ, ಭಾವ, ಅವರ ಐದು ವರ್ಷದ ಮಗಳು ಚೋಟು.

ಕೆರೆ ಸುತ್ತ ಒಂದು ಸುತ್ತು ನಡೆಯಬೇಕು. ಉದ್ದಪ್ಪ ಹಿಂದೆ ಬರುತ್ತಿದ್ದ, ಎಲ್ಲರನ್ನೂ ಗಮನಿಸುತ್ತ.

ನಾಲ್ಕು ಹೆಜ್ಜೆಗೆ ಚೋಟುಗೆ ಸೆಕೆ ಆಯಿತು. "ಚಿಕ್ಕಮ್ಮಾ, ಕೋಟು!" ಕೋಟು ಚಿಕ್ಕಿಯ ತೋಳಿಗೆ ಬಂತು.

"ಚಿಕ್ಕಿ, ಇದನ್ನ ಸ್ವಲ್ಪ ಹಿಡ್ಕೊಳೇ, ಶೂ ಬಿಗೀತಿದೆ," ಎಂದಳು ಅಕ್ಕ. ಅವಳ ಬ್ಯಾಗು ಬಂತು.

"ಹಾಗೇ ಇದನ್ನೂ," ಎಂದ ಭಾವ. ಕ್ಯಾಮೆರಾ, ನೀರಿನ ಬಾಟಲಿ, ಇನ್ನೊಂದು ಬ್ಯಾಗು.

ನಾನೇನು ಕಡಿಮೆಯೇ? ನನ್ನ ಶಾಲು, ನನ್ನ ಚೀಲ, ಆಮೇಲೆ ನನ್ನ ತೋಳು… ಎಲ್ಲ ಅವಳ ಮೇಲೇ.

ಹೋದ ವರ್ಷದಿಂದ ಹೀಗೇ. ಚಿಕ್ಕಿಗೆ ಒಂದು ಗಂಡು ಗೊತ್ತಾಗಿತ್ತು. ಮದುವೆ ಇನ್ನೇನು ಬಂತು ಎನ್ನುವಾಗ "ಮನಸ್ಸು ಬದಲಾಯ್ತು" ಎಂದು ಫೋನಿನಲ್ಲೇ ಮುಗಿಸಿಬಿಟ್ಟ. ಅವಳು ಅತ್ತಿದ್ದನ್ನು ಯಾರೂ ನೋಡಲಿಲ್ಲ. ಆದರೆ ಅಂದಿನಿಂದ ಮನೆಯವರಿಗೆಲ್ಲ ಒಂದು ರೂಢಿಯಾಗಿಹೋಯಿತು. ಎಲ್ಲಿಗೆ ಹೋದರೂ, 'ಚಿಕ್ಕಿ ಒಬ್ಬಳೇ ಅಲ್ಲವಾ, ಹಿಡಿದುಕೊಳ್ಳುತ್ತಾಳೆ ಬಿಡು.'

ಕೆರೆಯ ಕೊನೆಯ ಬೆಂಚಿನ ಹತ್ತಿರ ಉದ್ದಪ್ಪ ಅವಳ ಮುಂದೆ ಬಂದು ನಿಂತ.

"ಇಷ್ಟರಲ್ಲಿ ನಿಮ್ಮ ಬ್ಯಾಗು ಯಾವುದು?"

ಅವಳು ತನ್ನ ಎರಡೂ ಕೈ ನೋಡಿಕೊಂಡಳು. ಹೆಗಲು ನೋಡಿಕೊಂಡಳು.

"ನಂದು… ನಾನು ತಂದಿಲ್ಲ."

ಅವನು ಅವಳ ಹೆಗಲಿನಿಂದ ಎರಡು ಬ್ಯಾಗು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ಅವಳು ಅಲ್ಲೇ ನಿಂತುಬಿಟ್ಟಳು. ಹೆಗಲು ಹಗುರಾಗಿತ್ತು, ಆದರೆ ಎದೆಯಲ್ಲಿ ಏನೋ ಭಾರ… 'ಇವನು ಯಾಕೆ ಕೇಳಿದ? ಇಷ್ಟು ದಿನ ಯಾರೂ ಕೇಳಿರಲಿಲ್ಲವಲ್ಲ!'

ಆಮೇಲೆ ಶುರುವಾಯಿತು ನೋಡಿ ಅವನ ಓಡಾಟ. ಹೋಟೆಲಿನ ಕಿಟಕಿ ಯಾವ ದಿಕ್ಕಿಗಿರಬೇಕು ಎಂದು ಕೇಳಲು ಒಂದು ದಿನ. ಚೋಟುವಿನ ಟೋಪಿಯ ಅಳತೆಗೆ ಒಂದು ದಿನ. ನಮ್ಮನೆ ಬಾಗಿಲ ಚೌಕಟ್ಟು ಅವನ ಹಣೆಗೆ ತಾಗಿ ತಾಗಿ ನುಣ್ಣಗಾಯಿತು.

ಒಂದು ದಿನ ಹಲ್ಲುನೋವು ಅಂತ ಚಿಕ್ಕಿಯ ಕ್ಲಿನಿಕ್ಕಿಗೇ ಹೋದನಂತೆ! ಡಾಕ್ಟರು ಬಾಯಲ್ಲಿ ದೀಪ ಹಾಕಿ ನೋಡಿ, "ಕಲ್ಲು ಕಡಿಯೋ ಹಲ್ಲಪ್ಪ ಇದು, ಎಲ್ಲಿ ನೋವು?" ಅಂದರಂತೆ. ಚಿಕ್ಕಿ ನೀರು ಹೀರುವ ಪೈಪು ಅವನ ಬಾಯಲ್ಲಿಟ್ಟು, "ಹೇಳಿ, ಎಲ್ಲಿ ನೋವು?" ಎಂದಳಂತೆ. ಅವನು "ಆ… ಆ…" ಅಷ್ಟೇ.

ಅವತ್ತು ಮನೆಗೆ ಬಂದು ಅವಳು ನಕ್ಕ ನಗು ಇದೆಯಲ್ಲ, ಒಂದು ವರ್ಷದ ಬಾಕಿ ನಗು ಅದು. ನಾನು ಸುಮ್ಮನೆ ಕಣ್ಣು ಒರೆಸಿಕೊಂಡೆ.

ಎಲ್ಲ ಸರಿಹೋಯಿತು ಅಂದುಕೊಂಡೆ. ಆದರೆ ಚಮಚ ಕೆಡಿಸಿತು.

ಉದ್ದಪ್ಪ ಪ್ರವಾಸದ ಯೋಜನೆ ತೋರಿಸುವುದು ಊಟದ ಮೇಜಿನ ಮೇಲೆ, ಕೈಗೆ ಸಿಕ್ಕಿದ್ದರಲ್ಲಿ. ಅವತ್ತು ಸಂಜೆ ಟೀ ಕುಡಿದ ಮೇಲೆ ಸಕ್ಕರೆ ಡಬ್ಬಿಯನ್ನು ಕೋಟೆ ಮಾಡಿದ. ಬಸಿಯನ್ನು ಹೋಟೆಲು ಮಾಡಿದ. ಎರಡು ಚಮಚ ಜೊತೆಯಲ್ಲಿಟ್ಟ.

"ಇದು ಅಕ್ಕ, ಭಾವ. ಅಲ್ಲಿ ಎಲ್ಲ ಆಟದಲ್ಲೂ ಎರಡೆರಡು ಸೀಟು. ಈ ದೊಡ್ಡ ಚಮಚ ಅಜ್ಜಿ, ಪಕ್ಕದಲ್ಲಿ ಈ ಪುಟ್ಟದು ಚೋಟು. ಇವರಿಗೆ ನಿಧಾನದ ಆಟಗಳು."

"ನನಗ್ಯಾಕಪ್ಪ ನಿಧಾನ? ಮುಗಿಲಿಗೆ ಹೋಗೋ ರೈಲಿಗೆ ಹಾಕು!" ಎಂದೆ. ಯಾರೂ ಕಿವಿಗೊಡಲಿಲ್ಲ.

ಉಳಿದ ಒಂದು ಚಮಚವನ್ನು ಅವನು ತೆಗೆದುಕೊಂಡು ಹೋಗಿ ಮೇಜಿನ ಆ ತುದಿಯಲ್ಲಿಟ್ಟ. ಒಂದೇ.

"ಇದು ನೀವು," ಎಂದ ಚಿಕ್ಕಿಗೆ. "ನಿಮಗೆ ಎಲ್ಲ ಕಡೆ ಒಂಟಿಯವರ ಸಾಲು."

"ಹಾಗಂದ್ರೆ?"

"ಜೋಡಿ ಸಿಗದೆ ಎಲ್ಲೋ ಒಂದು ಸೀಟು ಖಾಲಿ ಉಳಿಯುತ್ತಲ್ಲ, ಅದನ್ನ ತುಂಬಿಸೋಕೆ ಒಬ್ಬೊಬ್ಬರೇ ನಿಲ್ಲೋ ಸಾಲು. ಬೇರೆ ದಾರಿಯಲ್ಲಿ ಹೋಗಬೇಕು. ಬೇಗ…"

"ಭೇಷ್!" ಎಂದು ಭಾವ ಮೇಜು ತಟ್ಟಿದ. "ನಮ್ಮ ಚಿಕ್ಕಿಗೆ ಹೇಳಿ ಮಾಡಿಸಿದ ಸಾಲು!"

ಅಕ್ಕ ಅವನ ಕಾಲು ತುಳಿದಳು. ಆದರೆ ತಡವಾಗಿತ್ತು. ಚೋಟು ಬೇರೆ ಆ ತುದಿಯ ಚಮಚವನ್ನೇ ನೋಡುತ್ತ, "ಚಿಕ್ಕಮ್ಮ ಯಾಕೆ ಅಲ್ಲಿ ಒಬ್ಳೇ?" ಎಂದು ಕೇಳಿತು.

ಚಿಕ್ಕಿಯ ಮುಖದಿಂದ ರಕ್ತ ಇಳಿದುಹೋಯಿತು.

'ಇವನೂ ಅಷ್ಟೇ. ಎಲ್ಲರ ಹಾಗೆ ಇವನೂ ನನ್ನನ್ನು ಲೆಕ್ಕಕ್ಕೆ ಉಳಿದವಳು ಅಂದುಕೊಂಡ. ಖಾಲಿ ಸೀಟು ತುಂಬಿಸುವವಳು! ನಾನೇ ಹುಚ್ಚಿ… ಏನೇನೋ ಅಂದುಕೊಂಡೆ…'

"ನಾನು ಬರಲ್ಲ," ಎಂದಳು. ದನಿ ಎತ್ತಲಿಲ್ಲ. "ನಾಲ್ಕೇ ಜನ ಅಂತ ಮಾಡಿಬಿಡಿ. ಜೋಡಿ ಸರಿಹೋಗುತ್ತೆ."

"ಮೇಡಂ, ನಾನು ಹೇಳಿದ್ದು…"

"ಗೊತ್ತಾಯ್ತು. ಚೆನ್ನಾಗಿ ಗೊತ್ತಾಯ್ತು!"

ಅವಳು ಒಳಗೆ ಹೋದಳು. ಅವನು ಅಕ್ಕನನ್ನು ನೋಡಿದ, ಭಾವನನ್ನು ನೋಡಿದ. ಚಮಚಗಳನ್ನು ಅಲ್ಲೇ ಬಿಟ್ಟು ಎದ್ದ. ಹೋಗುವಾಗ ಬಾಗಿಲಿಗೆ ತಲೆ ಹೊಡೆಸಿಕೊಂಡ ಸದ್ದು ಏಳು ಬೀದಿಗೆ ಕೇಳಿಸಿತು. ಅವನಿಗೆ ಮಾತ್ರ ಕೇಳಿಸಿದ ಹಾಗಿರಲಿಲ್ಲ.

ಆ ವಾರವೆಲ್ಲ ಚಿಕ್ಕಿ ಕೆಲಸ, ಮನೆ, ಮನೆ, ಕೆಲಸ. ಭಾವ ಬೆಕ್ಕಿನ ಹಾಗೆ ಮೆತ್ತಗೆ ಓಡಾಡಿದ. ಮಾತಾಡಿಸಲು ಹೋದರೆ ಅವಳು "ಏನಿಲ್ಲ ಭಾವ" ಎಂದು ನಗುತ್ತಿದ್ದಳು. ಆ ನಗು ನೋಡಲಾಗುತ್ತಿರಲಿಲ್ಲ. ಅಳುವುದಕ್ಕಿಂತ ಕಡೆ.

ಶನಿವಾರ ಎಲ್ಲರೂ ಚೋಟುಗೆ ಬೂಟು ಕೊಳ್ಳಲು ಹೋಗಿದ್ದರು. ಚಿಕ್ಕಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕರೆಗಂಟೆ ಸದ್ದಾಯಿತು. ನಾನೇ ಬಾಗಿಲು ತೆಗೆದೆ. ಉದ್ದಪ್ಪ! ನಾನು ಅಡುಗೆಮನೆ ಕಡೆ ಬೆರಳು ತೋರಿಸಿ, "ನನಗೆ ನಿದ್ದೆ ಬರ್ತಿದೆಯಪ್ಪ" ಎಂದು ದೊಡ್ಡದಾಗಿ ಆಕಳಿಸಿ… ಎಲ್ಲಿ ನಿಂತೆ ಅಂತ ನಿಮಗೆ ಗೊತ್ತೇ ಇದೆ.

"ಬುಕ್ಕಿಂಗ್ ಮುಗಿಸಬೇಕು," ಎಂದ ಅವನು. "ನಿಮ್ಮನ್ನ ಬಿಟ್ಟು ಮಾಡ್ಲಾ ಅಂತ ಕೇಳೋಕೆ ಬಂದೆ."

"ಅವತ್ತೇ ಹೇಳಿದ್ನಲ್ಲ." ಅವಳು ತಿರುಗಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

"ಅವತ್ತು ಕೆರೆ ಹತ್ತಿರ ನಿಮ್ಮ ಕೈಯಲ್ಲಿ ಎಲ್ಲರ ಬ್ಯಾಗೂ ಇತ್ತು."

ಲೋಟ ನಿಂತಿತು.

"ಅಲ್ಲೂ ಹಾಗೇ ಆಗುತ್ತೆ. ನೀವೆಲ್ಲ ಒಂದೇ ಸಾಲಲ್ಲಿ ನಿಂತ್ರೆ, ಹತ್ತೋ ಹೊತ್ತಿಗೆ ಎಲ್ಲರೂ ನಿಮ್ಮ ಕೈಗೆ ಸಾಮಾನು ಕೊಟ್ಟು ಹತ್ತಿಬಿಡ್ತಾರೆ. ನೀವು ಕೆಳಗೇ ಉಳೀತೀರ. ಒಂಟಿಯವರ ಸಾಲಿನ ದಾರಿನೇ ಬೇರೆ. ಅಲ್ಲಿಗೆ ಯಾರ ಬ್ಯಾಗೂ ಬರಲ್ಲ. 'ಸ್ವಲ್ಪ ಹಿಡ್ಕೋ' ಅನ್ನೋಕೆ ಯಾರೂ ಇರಲ್ಲ. ಅದಕ್ಕೇ…"

ಅವಳು ಈಗ ತಿರುಗಿದಳು. ಕಣ್ಣು ತುಂಬಿತ್ತು.

"ಅವತ್ತೇ ಹೇಳಬಹುದಿತ್ತಲ್ಲ!"

"ನಿಮ್ಮ ಅಕ್ಕ ಭಾವನ ಮುಂದೆ ಹೇಗೆ ಹೇಳ್ಲಿ? ಅವರಿಗೆ ಅವಮಾನ ಮಾಡಿದ್ರೆ ನೀವೇ ನನ್ನ ಹಲ್ಲು ಉದುರಿಸ್ತಿದ್ರಿ."

ಅವಳಿಗೆ ನಗು ಬಂತು. ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು.

"ಒಳ್ಳೇದು ಮಾಡೋರು ಕೇಳಿ ಮಾಡಬೇಕು ರೀ. ಎಲ್ಲರಿಗೂ ಅದು ಬೇಕಾ ಇದು ಬೇಕಾ ಅಂತ ಕೇಳಿದ್ರಿ. ಚೋಟು ಟೋಪಿಗೂ ಅಳತೆ ಕೇಳಿದ್ರಿ. ನನ್ನ ಮಾತ್ರ ಕೇಳದೆ ಎತ್ತಿ ಆ ತುದಿಗೆ ಇಟ್ರಿ."

ಮುಗಿಲೆತ್ತರದ ಮನುಷ್ಯ ಮೊಣಕಾಲಷ್ಟಕ್ಕೆ ಇಳಿದಿದ್ದ.

"ತಪ್ಪಾಯ್ತು," ಎಂದ. "ಈಗ ಕೇಳ್ತೀನಿ. ನಿಮಗೆ ಏನು ಬೇಕು?"

ಎಷ್ಟು ಸಣ್ಣ ಪ್ರಶ್ನೆ! ಆದರೆ ಅವಳು ಉತ್ತರ ಹುಡುಕಲು ಎಷ್ಟು ಹೊತ್ತು ತೆಗೆದುಕೊಂಡಳೆಂದರೆ ನನ್ನ ಕಾಲು ಜೋಮು ಹಿಡಿಯಿತು.

"ಎಲ್ಲಕ್ಕಿಂತ ಎತ್ತರದ ರೈಲಿನಲ್ಲಿ… ಮುಂದಿನ ಸೀಟು. ಗಂಟಲು ಹರಿಯೋ ಹಾಗೆ ಕೂಗಬೇಕು. ಯಾರೂ ಸುಮ್ನಿರು ಅನ್ನಬಾರದು."

"ಪಕ್ಕದ ಸೀಟಿಗೆ?"

"ಗೊತ್ತಿಲ್ಲದವರು ಬೇಡ," ಎಂದಳು. ಕೆನ್ನೆ ಕೆಂಪಾಗಿತ್ತು.

ಅವನು ಹಣೆ ಸವರಿಕೊಂಡ. "ಒಂದು ನಿಜ ಹೇಳ್ಲಾ? ಊರೆಲ್ಲರನ್ನೂ ಅಲ್ಲಿಗೆ ಕಳಿಸಿದೀನಿ. ನಾನು ಒಂದು ಆಟನೂ ಹತ್ತಿಲ್ಲ. ಉಯ್ಯಾಲೆ ನೋಡಿದ್ರೇ ತಲೆ ಸುತ್ತುತ್ತೆ ನನಗೆ."

"ಅಯ್ಯೋ! ಮತ್ತೆ?"

"ನಿಮ್ಮನ್ನ ನೋಡಿದಾಗಿಂದ ನೆಲದ ಮೇಲೇ ಸುತ್ತುತ್ತಿದೆ. ಇನ್ನು ಮೇಲೆ ಹೋದ್ರೇನು, ಕೆಳಗಿದ್ರೇನು?"

ಬಾಗಿಲ ಹಿಂದೆ ನಾನು ಸೆರಗು ಬಾಯಿಗೆ ತುರುಕಿಕೊಂಡೆ.

"ವಾಂತಿ ಬಂದ್ರೆ ನಾನು ಚೀಲ ಹಿಡ್ಕೊಳಲ್ಲ, ಹೇಳಿದೀನಿ!" ಎಂದಳು ಚಿಕ್ಕಿ.

"ಚೀಲ ಬೇಡ," ಎಂದ ಅವನು. "ಕೈ ಹಿಡ್ಕೊಳಿ. ಸಾಕು."

ಅವಳ ಕೈ ತುಂಬ ಸೋಪಿನ ನೊರೆ. ಹಾಗೇ ಚಾಚಿದಳು. ಅವನು ಹಾಗೇ ಹಿಡಿದುಕೊಂಡ. ನಲ್ಲಿಯ ನೀರು ಸುರಿಯುತ್ತಲೇ ಇತ್ತು, ಇಬ್ಬರಿಗೂ ಪರಿವೆಯಿಲ್ಲ.

"ಹಾಗಾದ್ರೆ ಆರು ಜನ," ಎಂದ ಸ್ವಲ್ಪ ಹೊತ್ತಾದ ಮೇಲೆ. "ಆದ್ರೆ ಈಗ ಕೇಳಿಯೇ ಮಾಡ್ತೀನಿ. ಒಂಟಿಯವರ ಸಾಲಾದ್ರೆ ಬೇಗ, ಹೀಗೆ ಹೋಗಿ ಹಾಗೆ ಬರಬಹುದು. ಜೋಡಿ ಸಾಲು ತುಂಬ ನಿಧಾನ. ಆ ಕೊರೆಯೋ ಚಳಿಯಲ್ಲಿ ಗಂಟೆಗಟ್ಟಲೆ ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲಬೇಕು. ನಿಮಗೆ ಯಾವುದು ಮಾಡ್ಲಿ?"

ಚಿಕ್ಕಿ ತಲೆ ಎತ್ತಿ ಅವನನ್ನು ನೋಡಿದಳು. ನಕ್ಕಳು. ಆಮೇಲೆ ಒಂದೇ ಒಂದು ಮಾತು ಹೇಳಿದಳು.

ಏನು ಹೇಳಿದಳು? ಹಾಂ… ಎಲ್ಲ ನಾನೇ ಹೇಳಿಬಿಟ್ಟರೆ ನಿಮಗೇನು ಕೆಲಸ? ನೀವೇ ಹೇಳಿ ನೋಡೋಣ, ಯಾವ ಸಾಲು?